ಪೊಲೀಸ್ ಸುಧಾರಣೆ: ಉತ್ತರದಾಯಿತ್ವ ಮತ್ತು ಜನಸಹಭಾಗಿತ್ವ

ಪೀಠಿಕೆ

ಸಾಮಾನ್ಯ ನಾಗರಿಕನಿಗೆ ಸರ್ಕಾರವು ಹಲವು ರೂಪಗಳಲ್ಲಿ ಗೋಚರಿಸುತ್ತದೆ. ಪಡಿತರದ ಅಂಗಡಿ, ಅಂಚೆ ಕಚೇರಿ, ಶಾಲೆ, ಆಸ್ಪತ್ರೆ ಇವೆಲ್ಲವೂ ಸರ್ಕಾರದ ಮುಖಗಳೇ. ಆದರೆ ಅವನ ಸ್ವಾತಂತ್ರ್ಯವನ್ನು ಕಾಪಾಡುವ ಹಾಗೂ ಕಾನೂನು ಒಪ್ಪಿದ ಸಂದರ್ಭದಲ್ಲಿ ಅದನ್ನು ಮೊಟಕುಗೊಳಿಸುವ ಅಧಿಕಾರವೆರಡನ್ನೂ ಹೊಂದಿರುವ ಮುಖ ಒಂದೇ. ಅದು ಪೊಲೀಸ್ ಠಾಣೆ. ಮನೆಯಲ್ಲಿ ಕಳವಾದಾಗ ನಾವು ಮೊದಲು ನೆನೆಯುವುದು ಠಾಣೆಯನ್ನು. ಅದೇ ಠಾಣೆಯ ಮೆಟ್ಟಿಲೇರಲು ಅನೇಕರು ಹಿಂಜರಿಯುವುದೂ ಉಂಟು. ನೆರವಿನ ನಿರೀಕ್ಷೆ ಮತ್ತು ಭಯ ಇವೆರಡೂ ಒಂದೇ ಸಂಸ್ಥೆಯ ಬಗ್ಗೆ ಜನಮನದಲ್ಲಿ ಏಕೆ ನೆಲೆಸಿವೆ? ಈ ಭಯವನ್ನು ವಿಶ್ವಾಸವನ್ನಾಗಿ ಮಾರ್ಪಡಿಸುವ ಬಗೆ ಹೇಗೆ? ಪೊಲೀಸ್ ಸುಧಾರಣೆಯ ತಿರುಳು ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯಕ್ಕೆ ಮತ್ತೊಂದು ಮುಖವೂ ಇದೆ. ಠಾಣೆಯ ವ್ಯವಹಾರ ನಡೆಯುವುದು ಆಯಾ ರಾಜ್ಯದ ಭಾಷೆಯಲ್ಲಿ. ಆ ಭಾಷೆಯನ್ನು ಓದಿ ಬರೆಯಲು ಬಾರದವರು ತಾವು ಏನು ಹೇಳಿದೆವು, ಅದನ್ನು ಹೇಗೆ ಬರೆದುಕೊಳ್ಳಲಾಯಿತು, ಯಾವ ಕಾಗದಕ್ಕೆ ರುಜು ಹಾಕಿದೆವು ಎಂಬುದನ್ನು ತಿಳಿಯದೆ ತೊಳಲುವ ಸಂಭವವಿದೆ. ಆದುದರಿಂದ ಹಕ್ಕುಗಳ ಪರಿಚಯವು ಇಂತಹವರಿಗೆ ಹೆಚ್ಚು ಅವಶ್ಯಕ.

1. ಇಂದಿನ ವ್ಯವಸ್ಥೆಯ ಮೂಲ

1843ರಲ್ಲಿ ಸಿಂಧ್ ಪ್ರಾಂತವನ್ನು ವಶಪಡಿಸಿಕೊಂಡ ಚಾರ್ಲ್ಸ್ ನೇಪಿಯರ್ ಅಲ್ಲಿ ಐರ್ಲೆಂಡಿನ ಪೊಲೀಸ್ ದಳದ ಮಾದರಿಯನ್ನು ಜಾರಿಗೆ ತಂದನು. ಲಂಡನ್ ನಗರದಲ್ಲಿ 1829ರಲ್ಲಿ ರಾಬರ್ಟ್ ಪೀಲ್ ಸ್ಥಾಪಿಸಿದ ಪೊಲೀಸ್ ವ್ಯವಸ್ಥೆಯು ನಾಗರಿಕರ ಸಮ್ಮತಿಯನ್ನು ಆಧಾರವಾಗಿ ಇಟ್ಟುಕೊಂಡಿತ್ತು. ಐರ್ಲೆಂಡಿನ ವ್ಯವಸ್ಥೆಯಾದರೋ ಆಳಲ್ಪಟ್ಟ ಜನರನ್ನು ಹತೋಟಿಯಲ್ಲಿಡಲು ರಚಿತವಾದುದು. ಭಾರತಕ್ಕೆ ಬಂದುದು ಈ ಎರಡನೆಯ ಮಾದರಿ. 1857ರ ದಂಗೆಯ ಬಳಿಕ 1860ರಲ್ಲಿ ಪೊಲೀಸ್ ಆಯೋಗವೊಂದನ್ನು ನೇಮಿಸಲಾಯಿತು. ಅದರ ಶಿಫಾರಸಿನ ಫಲವಾಗಿ 1861ರ ಪೊಲೀಸ್ ಅಧಿನಿಯಮವು ಹುಟ್ಟಿತು. ಪೊಲೀಸರ ಮೇಲ್ವಿಚಾರಣೆಯನ್ನು ಸರ್ಕಾರಕ್ಕೂ, ಜಿಲ್ಲೆಯಲ್ಲಿ ಅವರ ಸಾಮಾನ್ಯ ನಿಯಂತ್ರಣವನ್ನು ಜಿಲ್ಲಾ ದಂಡಾಧಿಕಾರಿಗೂ ಈ ಶಾಸನವು ವಹಿಸಿತು. ಪೊಲೀಸರು ಜನತೆಗೆ ಉತ್ತರ ಹೇಳಬೇಕೆಂಬ ಮಾತು ಅದರಲ್ಲಿ ಇರಲಿಲ್ಲ. ಪರಕೀಯ ಆಡಳಿತಕ್ಕೆ ಅದರ ಅಗತ್ಯವೂ ಇರಲಿಲ್ಲ.

ಎಲ್ಲ ಪ್ರದೇಶಗಳಿಗೂ ಇದೊಂದೇ ಶಾಸನ ಅನ್ವಯಿಸಿತೆಂದು ಭಾವಿಸಬಾರದು. ಮದ್ರಾಸ್ ಪ್ರಾಂತಕ್ಕೆ 1859ರಲ್ಲಿಯೇ ಪ್ರತ್ಯೇಕ ಜಿಲ್ಲಾ ಪೊಲೀಸ್ ಶಾಸನವಿತ್ತು. ಹೈದರಾಬಾದ್ ನಗರಕ್ಕೆ ನಿಜಾಮರ ಕಾಲದ, 1348ನೆಯ ಫಸಲಿಯ ಶಾಸನವಿತ್ತು. ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯವು 1951ರಲ್ಲಿ, ಕರ್ನಾಟಕವು 1963ರಲ್ಲಿ ತಮ್ಮ ತಮ್ಮ ಶಾಸನಗಳನ್ನು ರಚಿಸಿಕೊಂಡವು; ದೆಹಲಿಗೆ 1978ರಲ್ಲಿ ಪ್ರತ್ಯೇಕ ಶಾಸನ ಬಂದಿತು. ಆದರೆ ಬಹುಮಟ್ಟಿಗೆ ಇವೆಲ್ಲವೂ ಹಳೆಯ ಅಚ್ಚಿನಲ್ಲಿಯೇ ಎರಕಗೊಂಡವು.

ಹಳೆಯ ವ್ಯವಸ್ಥೆಯ ದೋಷಗಳನ್ನು ಬ್ರಿಟಿಷರೇ ಗುರುತಿಸಿದ್ದರು. ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯ 1902-03ರ ಆಯೋಗವು, ಪೊಲೀಸ್ ಪಡೆಯಲ್ಲಿ ದಕ್ಷತೆ ಇಲ್ಲವೆಂದೂ, ತರಬೇತಿ ಸಾಲದೆಂದೂ, ಲಂಚ ಹಾಗೂ ದಬ್ಬಾಳಿಕೆಗಳಿಂದ ಅದು ಜನರ ವಿಶ್ವಾಸವನ್ನು ಕಳೆದುಕೊಂಡಿದೆಯೆಂದೂ ಸ್ಪಷ್ಟವಾಗಿ ವರದಿ ಮಾಡಿತು.

2. ಸ್ವತಂತ್ರ ಭಾರತದ ಪ್ರಯತ್ನಗಳು

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ‘ಸಾರ್ವಜನಿಕ ಸುವ್ಯವಸ್ಥೆ’ ಮತ್ತು ‘ಪೊಲೀಸ್’ ರಾಜ್ಯಪಟ್ಟಿಗೆ ಸೇರಿದ ವಿಷಯಗಳು. ಆದಕಾರಣ ಸುಧಾರಣೆಯ ಮುಖ್ಯ ಹೊಣೆ ರಾಜ್ಯಗಳದು. ದೆಹಲಿಯ ಪೊಲೀಸ್ ಮಾತ್ರ ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದೆ.

ತುರ್ತು ಪರಿಸ್ಥಿತಿಯ ಅನುಭವಗಳ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರವು 1977ರ ನವೆಂಬರಿನಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗವನ್ನು ನೇಮಿಸಿತು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದ ಧರ್ಮವೀರ ಅವರು ಇದರ ಅಧ್ಯಕ್ಷರು. 1979ರಿಂದ 1981ರವರೆಗೆ ಆಯೋಗವು ಎಂಟು ವರದಿಗಳನ್ನು ಸಲ್ಲಿಸಿತು. ಎಂಟನೆಯ ವರದಿಯಲ್ಲಿ ಹೊಸ ಪೊಲೀಸ್ ಶಾಸನದ ಕರಡೊಂದನ್ನು ಸೇರಿಸಿತು. ನಡೆಯುತ್ತಿದ್ದ ಬಂಧನಗಳಲ್ಲಿ ಶೇಕಡ 60ರಷ್ಟು ಅನವಶ್ಯಕ ಅಥವಾ ಅಸಮರ್ಥನೀಯ ಎಂದು ಆಯೋಗವು ತನ್ನ ಮೂರನೆಯ ವರದಿಯಲ್ಲಿ ತಿಳಿಸಿತು. ಈ ಮಾತನ್ನು ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಜೋಗಿಂದರ್ ಕುಮಾರ್ ಮೊಕದ್ದಮೆಯ ತೀರ್ಪಿನಲ್ಲಿ ಉಲ್ಲೇಖಿಸಿ, ಬಂಧಿಸುವ ಅಧಿಕಾರವಿದೆಯೆಂಬ ಮಾತ್ರಕ್ಕೆ ಬಂಧನವು ನ್ಯಾಯಸಮ್ಮತವಾಗದೆಂದು ಹೇಳಿತು.

ಆಯೋಗದ ಮುಖ್ಯ ಶಿಫಾರಸುಗಳು ಬಹುಕಾಲ ಕಡತಗಳಲ್ಲಿಯೇ ಉಳಿದವು. ಆ ಬಳಿಕ ರಿಬೆರೊ ಸಮಿತಿ, ಪದ್ಮನಾಭಯ್ಯ ಸಮಿತಿಗಳು ಇದೇ ವಿಷಯವನ್ನು ಪರಿಶೀಲಿಸಿದವು. ಕನ್ನಡಿಗರಾದ ನ್ಯಾಯಮೂರ್ತಿ ವಿ. ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ ದಂಡನ್ಯಾಯ ವ್ಯವಸ್ಥೆಯ ಸುಧಾರಣೆಯ ವರದಿಯನ್ನು ನೀಡಿತು. ಎಂ. ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗವು 2007ರಲ್ಲಿ ಸಾರ್ವಜನಿಕ ಸುವ್ಯವಸ್ಥೆ ಕುರಿತ ತನ್ನ ಐದನೆಯ ವರದಿಯನ್ನು ಸಲ್ಲಿಸಿತು. ಸೋಲಿ ಸೊರಾಬ್ಜಿ ಅವರ ಸಮಿತಿಯು 2006ರಲ್ಲಿ ಮಾದರಿ ಪೊಲೀಸ್ ಶಾಸನವನ್ನು ಸಿದ್ಧಪಡಿಸಿತು.

3. 2006ರ ತೀರ್ಪು

ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ ಮತ್ತಿತರರು ರಾಷ್ಟ್ರೀಯ ಪೊಲೀಸ್ ಆಯೋಗದ ಶಿಫಾರಸುಗಳನ್ನು ಜಾರಿಗೆ ತರಬೇಕೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಹತ್ತು ವರ್ಷಗಳ ಅನಂತರ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂದಿತು. ಅದರಲ್ಲಿ ಏಳು ನಿರ್ದೇಶನಗಳಿವೆ:

(1) ಪ್ರತಿಯೊಂದು ರಾಜ್ಯದಲ್ಲಿಯೂ ರಾಜ್ಯ ಭದ್ರತಾ ಆಯೋಗವಿರಬೇಕು. ಪೊಲೀಸರ ಮೇಲೆ ಅನುಚಿತ ಒತ್ತಡ ಬೀಳದಂತೆ ನೋಡಿಕೊಳ್ಳುವುದು, ವಿಶಾಲ ಕಾರ್ಯನೀತಿಯನ್ನು ರೂಪಿಸುವುದು, ಪೊಲೀಸರ ಕಾರ್ಯನಿರ್ವಹಣೆಯ ಮೌಲ್ಯಮಾಪನ ಮಾಡುವುದು ಅದರ ಕೆಲಸ.

(2) ರಾಜ್ಯದ ಪೊಲೀಸ್ ಮಹಾನಿರ್ದೇಶಕರನ್ನು ಕೇಂದ್ರ ಲೋಕಸೇವಾ ಆಯೋಗವು ಪಟ್ಟಿ ಮಾಡಿದ ಮೂವರು ಹಿರಿಯ ಅಧಿಕಾರಿಗಳ ಪೈಕಿ ಆರಿಸಬೇಕು. ಅವರಿಗೆ ಕನಿಷ್ಠ ಎರಡು ವರ್ಷಗಳ ಅಧಿಕಾರಾವಧಿ ಇರಬೇಕು.

(3) ಜಿಲ್ಲಾ ಪೊಲೀಸ್ ಅಧೀಕ್ಷಕರು ಮತ್ತು ಠಾಣಾಧಿಕಾರಿಗಳೂ ಸೇರಿದಂತೆ ಕ್ಷೇತ್ರಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕು.

(4) ಅಪರಾಧ ತನಿಖೆಯನ್ನು ಕಾನೂನು ಮತ್ತು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಬೇಕು. ಹತ್ತು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಂದ ಇದು ಆರಂಭವಾಗಬೇಕು.

(5) ಉಪಾಧೀಕ್ಷಕರು ಹಾಗೂ ಅವರಿಗಿಂತ ಕೆಳಗಿನ ದರ್ಜೆಯವರ ವರ್ಗಾವಣೆ, ಬಡ್ತಿ ಮುಂತಾದವನ್ನು ಇಲಾಖೆಯ ಹಿರಿಯ ಅಧಿಕಾರಿಗಳ ಪೊಲೀಸ್ ಸಿಬ್ಬಂದಿ ಮಂಡಳಿಯು ನಿರ್ಧರಿಸಬೇಕು.

(6) ರಾಜ್ಯ ಮತ್ತು ಜಿಲ್ಲಾ ಮಟ್ಟಗಳಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ಸ್ಥಾಪಿಸಬೇಕು.

(7) ಕೇಂದ್ರೀಯ ಪೊಲೀಸ್ ಪಡೆಗಳ ಮುಖ್ಯಸ್ಥರ ಆಯ್ಕೆಗಾಗಿ ರಾಷ್ಟ್ರೀಯ ಭದ್ರತಾ ಆಯೋಗವನ್ನು ರಚಿಸಬೇಕು.

ಈ ನಿರ್ದೇಶನಗಳನ್ನು ಒಟ್ಟಾಗಿ ನೋಡಿದಾಗ ಅವುಗಳ ತರ್ಕವು ಗೋಚರವಾಗುತ್ತದೆ. ಠಾಣಾಧಿಕಾರಿಯನ್ನು ಯಾವಾಗ ಬೇಕೆಂದರೆ ಆವಾಗ ಎತ್ತಂಗಡಿ ಮಾಡಬಹುದಾದರೆ ಅವನು ಕಾನೂನಿಗಿಂತ ಹೆಚ್ಚಾಗಿ ವರ್ಗಾವಣೆಯ ಕೀಲಿಕೈ ಹಿಡಿದವರಿಗೆ ಅಂಜುತ್ತಾನೆ. ಆದ್ದರಿಂದ ಅಧಿಕಾರಾವಧಿಯ ಭದ್ರತೆ ಬೇಕು. ಆದರೆ ಭದ್ರತೆ ದೊರೆತ ಅಧಿಕಾರಿಯು ನಿರಂಕುಶನಾಗಬಾರದು; ಆದ್ದರಿಂದ ದೂರು ಪ್ರಾಧಿಕಾರ ಬೇಕು. ಸ್ವಾಯತ್ತತೆ ಮತ್ತು ಉತ್ತರದಾಯಿತ್ವ ಇವು ಒಂದೇ ಗಾಡಿಯ ಎರಡು ಗಾಲಿಗಳು. ಒಂದನ್ನು ಕಳಚಿ ಇನ್ನೊಂದರಿಂದ ಗಾಡಿ ಸಾಗದು.

ತೀರ್ಪಿನ ಬಳಿಕ ಹಲವು ರಾಜ್ಯಗಳು ಹೊಸ ಶಾಸನಗಳನ್ನೋ ತಿದ್ದುಪಡಿಗಳನ್ನೋ ತಂದವು. ಕರ್ನಾಟಕವು 2012ರಲ್ಲಿ ತನ್ನ ಪೊಲೀಸ್ ಶಾಸನವನ್ನು ತಿದ್ದುಪಡಿ ಮಾಡಿತು. ತಮಿಳುನಾಡು 2013ರಲ್ಲಿ, ಮಹಾರಾಷ್ಟ್ರವು 2014ರಲ್ಲಿ ಶಾಸನ ರಚಿಸಿದವು. ಆದರೆ ಅಕ್ಷರದಲ್ಲಿ ಒಪ್ಪಿದುದೆಲ್ಲ ಆಚರಣೆಯಲ್ಲಿ ಬಂದಿಲ್ಲ. ದೂರು ಪ್ರಾಧಿಕಾರದ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರಾಗಿರಬೇಕೆಂಬುದು ತೀರ್ಪಿನ ಆಶಯ. ತಮಿಳುನಾಡಿನ ಶಾಸನವು ರಾಜ್ಯ ಪ್ರಾಧಿಕಾರದ ಅಧ್ಯಕ್ಷತೆಯನ್ನು ಗೃಹ ಕಾರ್ಯದರ್ಶಿಗೆ ವಹಿಸಿತು. ನಿರ್ದೇಶನಗಳ ಪಾಲನೆಯನ್ನು ಪರಿಶೀಲಿಸಲು ನ್ಯಾಯಾಲಯವು 2008ರಲ್ಲಿ ನೇಮಿಸಿದ ನ್ಯಾಯಮೂರ್ತಿ ಕೆ. ಟಿ. ಥಾಮಸ್ ಸಮಿತಿಯು 2010ರ ವರದಿಯಲ್ಲಿ ರಾಜ್ಯಗಳ ಉದಾಸೀನತೆಯ ಬಗ್ಗೆ ಅಸಮಾಧಾನವನ್ನು ವ್ಯಕ್ತಪಡಿಸಿತು.

4. ಉತ್ತರದಾಯಿತ್ವದ ನಾಲ್ಕು ನೆಲೆಗಳು

ಉತ್ತರದಾಯಿತ್ವವೆಂದರೆ ಕೇವಲ ತಪ್ಪಿತಸ್ಥರಿಗೆ ಶಿಕ್ಷೆ ಎಂದರ್ಥವಲ್ಲ. ಅಧಿಕಾರವನ್ನು ಬಳಸಿದವನು ಅದನ್ನು ಏಕೆ ಬಳಸಿದೆ, ಹೇಗೆ ಬಳಸಿದೆ ಎಂಬುದಕ್ಕೆ ಲೆಕ್ಕ ಒಪ್ಪಿಸಬೇಕಾದ ಸ್ಥಿತಿಯೇ ಉತ್ತರದಾಯಿತ್ವ. ಇದಕ್ಕೆ ನಾಲ್ಕು ನೆಲೆಗಳಿವೆ.

ಮೊದಲನೆಯದು ಇಲಾಖೆಯ ಒಳಗಣ ಶಿಸ್ತು. ಎರಡನೆಯದು ನ್ಯಾಯಾಲಯ. ಬಂಧಿತನನ್ನು, ಪ್ರಯಾಣದ ಸಮಯವನ್ನು ಬಿಟ್ಟು, 24 ಗಂಟೆಗಳೊಳಗಾಗಿ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೆಯ ಅನುಚ್ಛೇದದ ಆದೇಶ. ಮೂರನೆಯದು ಸ್ವತಂತ್ರ ಸಂಸ್ಥೆಗಳು: 1993ರ ಶಾಸನದ ಮೇರೆಗೆ ರಚಿತವಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ರಾಜ್ಯಗಳ ಮಾನವ ಹಕ್ಕುಗಳ ಆಯೋಗಗಳು, ದೂರು ಪ್ರಾಧಿಕಾರಗಳು. ಪೊಲೀಸರ ವಶದಲ್ಲಿರುವಾಗ ಸಾವು ಸಂಭವಿಸಿದರೆ 24 ಗಂಟೆಗಳೊಳಗೆ ತನಗೆ ವರದಿ ಮಾಡಬೇಕೆಂದು ರಾಷ್ಟ್ರೀಯ ಆಯೋಗವು 1993ರ ಡಿಸೆಂಬರಿನಲ್ಲಿಯೇ ಸೂಚಿಸಿದೆ. ನಾಲ್ಕನೆಯ ನೆಲೆ ಜನತೆ. ಮೊದಲ ಮೂರೂ ಚಲಿಸುವುದು ಈ ನಾಲ್ಕನೆಯದು ಎಚ್ಚತ್ತಿದ್ದರೆ ಮಾತ್ರ.

5. ಸಾತಾನ್‌ಕುಳಂ ಕಲಿಸುವ ಪಾಠ

ತಮಿಳುನಾಡಿನ ತೂತ್ತುಕ್ಕುಡಿ ಜಿಲ್ಲೆಯ ಸಾತಾನ್‌ಕುಳಂ ಪಟ್ಟಣದಲ್ಲಿ 2020ರ ಜೂನ್ ತಿಂಗಳಿನಲ್ಲಿ ನಡೆದ ಘಟನೆ ದೇಶದ ಮನಸ್ಸನ್ನು ಕಲಕಿತು. ಕೋವಿಡ್ ನಿರ್ಬಂಧದ ಅವಧಿಯನ್ನು ಮೀರಿ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ ಠಾಣೆಗೆ ಒಯ್ಯಲ್ಪಟ್ಟ ತಂದೆ ಮತ್ತು ಮಗ ಕೆಲವೇ ದಿನಗಳಲ್ಲಿ ಮೃತಪಟ್ಟರು. ಮದ್ರಾಸ್ ಉಚ್ಚ ನ್ಯಾಯಾಲಯದ ಮದುರೈ ಪೀಠವು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು ನ್ಯಾಯಿಕ ದಂಡಾಧಿಕಾರಿಯನ್ನು ಠಾಣೆಗೆ ಕಳುಹಿಸಿತು. ವಿಚಾರಣೆಗೆ ಅಡ್ಡಿಯಾಯಿತೆಂಬ ವರದಿ ಬಂದಾಗ, ಠಾಣೆಯನ್ನು ಕಂದಾಯ ಇಲಾಖೆಯ ಅಧಿಕಾರಿಗಳ ಹತೋಟಿಗೆ ಒಪ್ಪಿಸುವಂತೆ ಆದೇಶಿಸಿತು. ಠಾಣೆಯಲ್ಲಿ ಕ್ಯಾಮೆರಾಗಳಿದ್ದರೂ ಅವುಗಳ ದೃಶ್ಯಗಳು ದಿನವೂ ತಾವಾಗಿಯೇ ಅಳಿಸಿಹೋಗುವಂತೆ ಹೊಂದಿಸಲಾಗಿತ್ತೆಂದು ದಂಡಾಧಿಕಾರಿಯು ವರದಿ ಮಾಡಿದರು. ಆ ರಾತ್ರಿ ನಡೆದುದನ್ನು ದಂಡಾಧಿಕಾರಿಯ ಮುಂದೆ ಹೇಳಿದವರು ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೇಬಲ್. ತನಿಖೆಯು ಕೇಂದ್ರೀಯ ತನಿಖಾ ದಳಕ್ಕೆ ಹೋಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಒಂಬತ್ತು ಮಂದಿ ಪೊಲೀಸರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು.

ಈ ಘಟನೆಯಿಂದ ತಿಳಿಯಬೇಕಾದ ಅಂಶಗಳು ಮೂರು. ಯಂತ್ರವು ತಾನಾಗಿ ಕಾವಲು ಕಾಯುವುದಿಲ್ಲ. ಅದರ ದಾಖಲೆಯನ್ನು ಇನ್ನೊಬ್ಬರು ಪರಿಶೀಲಿಸಬೇಕು. ಇಲಾಖೆಯೊಳಗಿನ ಪ್ರಾಮಾಣಿಕರು ಸತ್ಯ ನುಡಿಯಲು ಹೊರಗಿನ ರಕ್ಷಣೆ ಬೇಕು. ಜನಸಹಭಾಗಿತ್ವವೂ ಉತ್ತರದಾಯಿತ್ವವಿಲ್ಲದೆ ದಾರಿ ತಪ್ಪಬಲ್ಲುದು. ಏಕೆಂದರೆ, 1993ರಲ್ಲಿ ರಾಮನಾಥಪುರಂ ಜಿಲ್ಲೆಯಲ್ಲಿ ಪೊಲೀಸ್ ಅಧಿಕಾರಿ ಪ್ರತೀಪ್ ಫಿಲಿಪ್ ಅವರು ಆರಂಭಿಸಿ, ಬಳಿಕ ರಾಜ್ಯಾದ್ಯಂತ ಹರಡಿದ ‘ಪೊಲೀಸರ ಮಿತ್ರರು’ ಯೋಜನೆಯ ಕೆಲವು ಸ್ವಯಂಸೇವಕರ ಮೇಲೂ ಈ ಸಂದರ್ಭದಲ್ಲಿ ಆರೋಪಗಳು ಕೇಳಿಬಂದವು. ಆ ವ್ಯವಸ್ಥೆಯನ್ನು ತಮಿಳುನಾಡು ಸರ್ಕಾರವು 2020ರ ಜುಲೈನಲ್ಲಿ ನಿಷೇಧಿಸಿತು. ಜನರ ಪರವಾಗಿ ಠಾಣೆಯನ್ನು ನೋಡಬೇಕಾದವರು ಠಾಣೆಯ ಪರವಾಗಿ ಜನರ ಮೇಲೆ ಅಧಿಕಾರ ಚಲಾಯಿಸತೊಡಗಿದರೆ ಅದು ಸಹಭಾಗಿತ್ವವೆನಿಸದು.

ಅದೇ ವರ್ಷದ ಡಿಸೆಂಬರ್ 2ರಂದು, ಪರಮ್‌ವೀರ್ ಸಿಂಗ್ ಸೈನಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿಯೊಂದು ಠಾಣೆಯ ಪ್ರವೇಶದ್ವಾರ, ಲಾಕಪ್, ಪಡಸಾಲೆ, ಅಧಿಕಾರಿಗಳ ಕೊಠಡಿ ಮುಂತಾದೆಡೆ ಧ್ವನಿಯನ್ನೂ ದೃಶ್ಯವನ್ನೂ ದಾಖಲಿಸುವ ಕ್ಯಾಮೆರಾಗಳಿರಬೇಕೆಂದು ಆದೇಶಿಸಿತು. ದಾಖಲೆಯನ್ನು 18 ತಿಂಗಳು, ಅದು ಸಾಧ್ಯವಾಗದಿದ್ದಲ್ಲಿ ಕನಿಷ್ಠ ಒಂದು ವರ್ಷ ಕಾಪಾಡಬೇಕು. ರಾಜ್ಯ ಹಾಗೂ ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಗಳಿರಬೇಕು. ಠಾಣೆಯಲ್ಲಿ ಕ್ಯಾಮೆರಾಗಳಿರುವ ವಿಷಯವನ್ನು ಸ್ಥಳೀಯ ಭಾಷೆಯಲ್ಲಿಯೂ ಫಲಕದ ಮೂಲಕ ತಿಳಿಸಬೇಕು. ಈ ಆದೇಶವು ಎಲ್ಲೆಡೆ ಪಾಲನೆಯಾಗಿಲ್ಲವೆಂಬ ಕಾರಣದಿಂದ 2025ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಸ್ವಪ್ರೇರಣೆಯಿಂದ ಮತ್ತೆ ಈ ವಿಷಯವನ್ನು ಎತ್ತಿಕೊಂಡಿತು.

6. ಜನಸಹಭಾಗಿತ್ವ: ಕೆಲವು ಪ್ರಯೋಗಗಳು

ಮಹಾರಾಷ್ಟ್ರದ ಭಿವಂಡಿಯು ಮಗ್ಗಗಳ ಪಟ್ಟಣ. 1970ರಲ್ಲಿಯೂ 1984ರಲ್ಲಿಯೂ ಅಲ್ಲಿ ಭೀಕರ ಕೋಮು ಗಲಭೆಗಳು ನಡೆದವು. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದ ಪೊಲೀಸ್ ಉಪ ಆಯುಕ್ತ ಸುರೇಶ್ ಖೋಪಡೆ ಅವರು ಮೊಹಲ್ಲಾ ಸಮಿತಿಗಳನ್ನು ರಚಿಸಿದರು. ಪ್ರತಿ ಬಡಾವಣೆಯಲ್ಲಿಯೂ ಎರಡೂ ಸಮುದಾಯಗಳ ಸಾಮಾನ್ಯ ಜನರು ಪೊಲೀಸ್ ಸಿಬ್ಬಂದಿಯೊಂದಿಗೆ ನಿಯತವಾಗಿ ಸೇರತೊಡಗಿದರು. ನಲ್ಲಿ ನೀರಿನ ಜಗಳ, ನೆರೆಹೊರೆಯ ವ್ಯಾಜ್ಯ ಮುಂತಾದ ಸಣ್ಣ ವಿಷಯಗಳೂ ಅಲ್ಲಿ ಚರ್ಚೆಗೆ ಬಂದವು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ನೆರೆಯ ಮುಂಬಯಿ ಹೊತ್ತಿ ಉರಿದಾಗ ಭಿವಂಡಿಯು ಶಾಂತವಾಗಿತ್ತು. ಶಾಂತಿಯ ದಿನಗಳಲ್ಲಿ ಕೂಡಿಟ್ಟ ಪರಿಚಯವು ಸಂಕಟದ ದಿನ ಊರನ್ನು ಕಾಯಿತು.

ಗಲಭೆಗಳ ಬಳಿಕ ಮುಂಬಯಿಯಲ್ಲಿಯೂ ಆಗಿನ ಪೊಲೀಸ್ ಆಯುಕ್ತ ಸತೀಶ್ ಸಾಹ್ನಿ, ನಿವೃತ್ತ ಅಧಿಕಾರಿ ಜೂಲಿಯೊ ರಿಬೆರೊ, ಸಮಾಜಸೇವಕಿ ಸುಶೋಭಾ ಬರ್ವೆ ಮುಂತಾದವರ ಪ್ರಯತ್ನದಿಂದ ಮೊಹಲ್ಲಾ ಸಮಿತಿಗಳ ಚಳವಳಿಯು ಬೆಳೆಯಿತು. ಮಹಿಳೆಯರ ಸಭೆಗಳು, ಯುವಕರ ಕ್ರಿಕೆಟ್ ಪಂದ್ಯಗಳು ಇದರ ಅಂಗಗಳಾದವು.

ಕೇರಳದಲ್ಲಿ 2008ರಲ್ಲಿ ‘ಜನಮೈತ್ರಿ ಸುರಕ್ಷಾ’ ಯೋಜನೆಯು 20 ಠಾಣೆಗಳಲ್ಲಿ ಆರಂಭವಾಯಿತು. ಠಾಣೆಯ ವ್ಯಾಪ್ತಿಯನ್ನು ಸಣ್ಣ ಗಸ್ತು ಪ್ರದೇಶಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಬ್ಬ ಸಿಬ್ಬಂದಿಯನ್ನು ನಿಯೋಜಿಸಲಾಯಿತು. ಆತನು ಮನೆಮನೆಗೆ ಭೇಟಿ ನೀಡಿ, ಪ್ರತಿ ಮನೆಯ ಒಬ್ಬರನ್ನಾದರೂ ಹೆಸರು ಹಿಡಿದು ಬಲ್ಲವನಾಗಿರಬೇಕೆಂಬುದು ಗುರಿ. ಯೋಜನೆಯು ಒಬ್ಬ ಅಧಿಕಾರಿಯ ಉತ್ಸಾಹಕ್ಕೆ ಅಂಟಿಕೊಂಡು ಉಳಿಯದೆ 2011ರ ಕೇರಳ ಪೊಲೀಸ್ ಶಾಸನದಲ್ಲಿ ಸಮುದಾಯ ಸಂಪರ್ಕ ಸಮಿತಿಗಳಿಗೆ ಸ್ಥಾನ ದೊರೆತುದು ಗಮನಾರ್ಹ. 2010ರಲ್ಲಿ ಅಲ್ಲಿಯೇ ಆರಂಭವಾದ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆಯು 2018ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಹೈದರಾಬಾದಿನಲ್ಲಿ 2014ರ ಅಕ್ಟೋಬರಿನಲ್ಲಿ ಆರಂಭವಾದ ‘ಷೀ ತಂಡ’ಗಳು ಬಸ್ ನಿಲ್ದಾಣ, ಮಾರುಕಟ್ಟೆ, ಕಾಲೇಜುಗಳ ಬಳಿ ಮಹಿಳೆಯರಿಗೆ ಕಿರುಕುಳ ನೀಡುವವರನ್ನು ಸ್ಥಳದಲ್ಲಿಯೇ ಹಿಡಿಯುತ್ತವೆ.

ಪೊಲೀಸರ ಸ್ಥಿತಿಗತಿಯೂ ಇಲ್ಲಿ ಮುಖ್ಯವಾದುದು. ಪಡೆಯ ಬಹುಪಾಲು ಕಾನ್‌ಸ್ಟೇಬಲ್‌ಗಳದು. ಹನ್ನೆರಡು ಗಂಟೆ ನಿಂತು ದಣಿದವನಿಂದ ಸೌಜನ್ಯವನ್ನು ನಿರೀಕ್ಷಿಸುವುದು ಕಷ್ಟ. ಮುಂಬಯಿಯ ದೇವನಾರ್ ಠಾಣೆಯಲ್ಲಿ 2016ರಲ್ಲಿ, ಒಬ್ಬ ಕಾನ್‌ಸ್ಟೇಬಲ್ ಮಂಡಿಸಿದ ಸಲಹೆಯ ಮೇರೆಗೆ, ಎಂಟು ಗಂಟೆಗಳ ಪಾಳಿಯನ್ನು ಪ್ರಯೋಗಿಸಲಾಯಿತು. ಬಳಿಕ ಅದನ್ನು ನಗರದ ಇತರ ಠಾಣೆಗಳಿಗೂ ವಿಸ್ತರಿಸಲಾಯಿತು. ಕೆಳದರ್ಜೆಯ ಸಿಬ್ಬಂದಿಯ ಮಾತಿಗೆ ಇಲಾಖೆಯು ಕಿವಿಗೊಟ್ಟರೆ ಆ ಸಿಬ್ಬಂದಿಯೂ ಜನರ ಮಾತಿಗೆ ಕಿವಿಗೊಡುವುದನ್ನು ಕಲಿಯುತ್ತದೆ.

7. ನಾಗರಿಕರು ತಿಳಿದಿರಬೇಕಾದ ಹಕ್ಕುಗಳು

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ‘ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023’ ಜಾರಿಯಲ್ಲಿದೆ. ಅದರ ಕೆಲವು ಉಪಬಂಧಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ದೂರು ನೀಡುವಾಗ: ವಾರಂಟ್ ಇಲ್ಲದೆ ಬಂಧಿಸಬಹುದಾದ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ನೀಡಬಹುದು, ಅಪರಾಧವು ಆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿರಬೇಕೆಂಬ ನಿಯಮವಿಲ್ಲ (ಪ್ರಕರಣ 173). ಮಾಹಿತಿಯನ್ನು ಬಾಯಿಮಾತಿನಲ್ಲಿ ನೀಡಬಹುದು. ಅದನ್ನು ಬರೆದುಕೊಂಡು ಓದಿ ಹೇಳಬೇಕು. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿದರೆ ಮೂರು ದಿನಗಳೊಳಗೆ ಅದಕ್ಕೆ ರುಜು ಹಾಕಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಉಪಾಧೀಕ್ಷಕರ ಅನುಮತಿ ಪಡೆದು, 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ.

ಠಾಣೆಯು ದೂರನ್ನು ದಾಖಲಿಸಲು ನಿರಾಕರಿಸಿದರೆ: ದೂರಿನ ಸಾರಾಂಶವನ್ನು ಬರೆದು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬೇಕು. ಪೊಲೀಸ್ ಆಯುಕ್ತರಿರುವ ನಗರಗಳಲ್ಲಿ ವಲಯದ ಉಪ ಆಯುಕ್ತರಿಗೆ ಕಳುಹಿಸುವುದು ರೂಢಿ. ಅದರಿಂದಲೂ ಪರಿಹಾರ ದೊರೆಯದಿದ್ದರೆ ದಂಡಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅಂಚೆಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಅಗತ್ಯ.

ತನಿಖೆಯ ಕಾಲದಲ್ಲಿ: ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಬಾಧಿತರಿಗೆ ತಿಳಿಸಬೇಕು (ಪ್ರಕರಣ 193). ಸಾಕ್ಷಿ ಹೇಳಿಕೆಗಾಗಿ ಮಹಿಳೆಯರನ್ನು, 15 ವರ್ಷದೊಳಗಿನ ಹಾಗೂ 60 ವರ್ಷ ಮೀರಿದ ಪುರುಷರನ್ನು, ಅಂಗವಿಕಲರನ್ನು, ತೀವ್ರ ಅಸ್ವಸ್ಥರನ್ನು ಅವರ ವಾಸಸ್ಥಳದಿಂದ ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಅವರೇ ಇಚ್ಛಿಸಿದರೆ ಠಾಣೆಗೆ ಬರಬಹುದು (ಪ್ರಕರಣ 179).

ಬಂಧನದ ಸಂದರ್ಭದಲ್ಲಿ: ಡಿ. ಕೆ. ಬಸು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ನೀಡಿದ ಮಾರ್ಗಸೂಚಿಗಳ ಮುಖ್ಯಾಂಶಗಳು ಈಗ ಶಾಸನದ ಭಾಗವಾಗಿವೆ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣಿಸಬೇಕು. ಬಂಧನದ ಟಿಪ್ಪಣಿಗೆ ಕುಟುಂಬದವರೊಬ್ಬರು ಅಥವಾ ಸ್ಥಳೀಯ ಗೌರವಸ್ಥರೊಬ್ಬರು ಸಾಕ್ಷಿಯಾಗಿ ರುಜು ಹಾಕಬೇಕು. ಬಂಧುವಿಗೆ ಅಥವಾ ಮಿತ್ರರಿಗೆ ಸುದ್ದಿ ಮುಟ್ಟಿಸಬೇಕು. ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕಿದೆ. ಬಂಧಿತನ ವೈದ್ಯಕೀಯ ಪರೀಕ್ಷೆ ನಡೆಯಬೇಕು. ಅಸಾಧಾರಣ ಸಂದರ್ಭವನ್ನು ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ಬಂಧಿಸುವಂತಿಲ್ಲ. ಅಂತಹ ಸಂದರ್ಭದಲ್ಲಿಯೂ ಮಹಿಳಾ ಅಧಿಕಾರಿಯು ದಂಡಾಧಿಕಾರಿಯ ಪೂರ್ವಾನುಮತಿಯನ್ನು ಪಡೆಯಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ 60 ವರ್ಷ ಮೀರಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಉಪಾಧೀಕ್ಷಕರ ಪೂರ್ವಾನುಮತಿ ಬೇಕು (ಪ್ರಕರಣ 35).

8. ಭಾಷೆಯ ಪ್ರಶ್ನೆ

ಹೊರನಾಡಿನ ಕನ್ನಡಿಗರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಬಂಧನದ ಕಾರಣವನ್ನು ತಿಳಿಸಬೇಕೆಂದು ಸಂವಿಧಾನವು ಹೇಳುತ್ತದೆ. ಕೇಳುವವನಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿದರೆ ತಿಳಿಸಿದಂತಾಗುವುದೇ? ಮುಂಜಾಗ್ರತಾ ಬಂಧನಕ್ಕೆ ಸಂಬಂಧಿಸಿದ ಹರಿಕಿಸನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿಯೇ, ಇಂಗ್ಲಿಷ್ ಬಾರದವನಿಗೆ ಇಂಗ್ಲಿಷಿನಲ್ಲಿ ಕಾರಣಗಳನ್ನು ನೀಡಿದುದು ಸಾಲದೆಂದು ತೀರ್ಮಾನಿಸಿತು. 2025ರ ನವೆಂಬರ್ 6ರಂದು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ನ್ಯಾಯಾಲಯವು ಈ ತತ್ತ್ವವನ್ನು ಎಲ್ಲ ಬಗೆಯ ಅಪರಾಧಗಳಿಗೂ ವಿಸ್ತರಿಸಿತು: ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ನೀಡಬೇಕು. ಒಡನೆಯೇ ಬರೆದು ಕೊಡಲು ಸಾಧ್ಯವಾಗದ ಸಂದರ್ಭದಲ್ಲಿ ಮೊದಲು ಬಾಯಿಮಾತಿನಲ್ಲಿ ತಿಳಿಸಿ, ದಂಡಾಧಿಕಾರಿಯ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆಗಳ ಮುನ್ನ ಬರಹದಲ್ಲಿ ಕೊಡಬೇಕು. ತಪ್ಪಿದರೆ ಆ ಬಂಧನವು ಕಾನೂನುಬಾಹಿರವೆನಿಸುತ್ತದೆ.

ಇದರ ಅರ್ಥ ಸರಳ. ಪುಣೆಯ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿಯ ಕೂಲಿಕಾರನೂ, ಚೆನ್ನೈಯಲ್ಲಿ ಮನೆಗೆಲಸ ಮಾಡುವ ಕೋಲಾರದ ಹೆಂಗಸೂ “ನನಗೆ ಕನ್ನಡದಲ್ಲಿ ಬರೆದು ಕೊಡಿ” ಎಂದು ಕೇಳಬಹುದು. ಅದು ಉಪಕಾರದ ಬೇಡಿಕೆಯಲ್ಲ, ಹಕ್ಕಿನ ಮಾತು. ದೂರು ನೀಡುವವರೂ ತಮಗೆ ತಿಳಿಯದ ಲಿಪಿಯ ಕಾಗದಕ್ಕೆ ರುಜು ಹಾಕುವ ಮೊದಲು ಅದನ್ನು ಓದಿಸಿ, ಅರ್ಥ ಹೇಳಿಸಿಕೊಳ್ಳಬೇಕು.

ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಹೇಳುತ್ತದೆ. ಇದಕ್ಕಾಗಿ 15100 ಸಂಖ್ಯೆಗೆ ಕರೆ ಮಾಡಬಹುದು. ತುರ್ತು ನೆರವಿಗೆ 112, ಹಣಕಾಸಿನ ಸೈಬರ್ ವಂಚನೆಗೆ 1930 ರಾಷ್ಟ್ರವ್ಯಾಪಿ ಸಂಖ್ಯೆಗಳು.

9. ಪೊಲೀಸರ ವಿರುದ್ಧ ದೂರು

ಪೊಲೀಸರ ದುರ್ನಡತೆಯ ಬಗ್ಗೆ ಮೊದಲು ಇಲಾಖೆಯ ಮೇಲಧಿಕಾರಿಗೆ ಲಿಖಿತ ದೂರು ನೀಡಬಹುದು. 2006ರ ತೀರ್ಪಿನಂತೆ ಉಪಾಧೀಕ್ಷಕರವರೆಗಿನ ಸಿಬ್ಬಂದಿಯ ವಿರುದ್ಧದ ದೂರುಗಳು ಜಿಲ್ಲಾ ಪ್ರಾಧಿಕಾರಕ್ಕೂ, ಅಧೀಕ್ಷಕರು ಹಾಗೂ ಮೇಲಿನವರ ವಿರುದ್ಧದ ದೂರುಗಳು ರಾಜ್ಯ ಪ್ರಾಧಿಕಾರಕ್ಕೂ ಸೇರುತ್ತವೆ. ವಶದಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ ಇವು ಗಂಭೀರ ದುರ್ನಡತೆಗಳು. ಹಣ ಸುಲಿಗೆ, ಭೂಮಿ ಅಥವಾ ಮನೆಯ ಕಬಳಿಕೆಯ ದೂರುಗಳನ್ನು ಜಿಲ್ಲಾ ಪ್ರಾಧಿಕಾರವು ಕೇಳಬಹುದು. ಪ್ರಾಧಿಕಾರದ ಶಿಫಾರಸಿಗೆ ಸಂಬಂಧಪಟ್ಟ ಇಲಾಖೆಯು ಬದ್ಧವಾಗಿರಬೇಕೆಂದು ತೀರ್ಪು ಹೇಳಿತಾದರೂ, ರಾಜ್ಯಗಳ ಶಾಸನಗಳಲ್ಲಿ ಅಧಿಕಾರವ್ಯಾಪ್ತಿಯು ಭಿನ್ನವಾಗಿರುವುದರಿಂದ ತಮ್ಮ ರಾಜ್ಯದ ನಿಯಮವನ್ನು ತಿಳಿದು ಮುಂದುವರಿಯುವುದು ಲೇಸು. ಮಾನವ ಹಕ್ಕುಗಳ ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ದೂರಿನಲ್ಲಿ ದಿನಾಂಕ, ಸಮಯ, ಸ್ಥಳ, ಅಧಿಕಾರಿಯ ಹೆಸರು ಅಥವಾ ಬಿಲ್ಲೆಯ ಸಂಖ್ಯೆ, ಸಾಕ್ಷಿಗಳ ವಿವರ, ವೈದ್ಯರ ಪ್ರಮಾಣಪತ್ರ ಇರಬೇಕು. ಠಾಣೆಯ ಕ್ಯಾಮೆರಾ ದಾಖಲೆಯನ್ನು ಕಾಪಾಡುವಂತೆ ಆರಂಭದಲ್ಲಿಯೇ ಲಿಖಿತವಾಗಿ ಕೋರುವುದು ವಿವೇಕ.

10. ಜನತೆಯ ಕರ್ತವ್ಯ

ಹಕ್ಕಿನ ಜೊತೆಯಲ್ಲಿ ಹೊಣೆಯೂ ಇದೆ. ಸುಳ್ಳು ದೂರು ನೀಡುವುದು ಶಿಕ್ಷಾರ್ಹ ಅಪರಾಧ. ಅದು ನಿಜವಾದ ನೊಂದವರ ಪಾಲಿನ ಸಮಯವನ್ನೂ ಕಸಿಯುತ್ತದೆ. ಕಂಡದ್ದನ್ನು ಸಾಕ್ಷಿ ಹೇಳಲು ಹಿಂಜರಿಯುವ ಸಮಾಜವು ಪೊಲೀಸರಿಂದ ಸಮರ್ಥ ತನಿಖೆಯನ್ನು ನಿರೀಕ್ಷಿಸುವುದು ತರವಲ್ಲ. “ನಾಲ್ಕು ಏಟು ಬಿಗಿದರೆ ಬಾಯಿ ಬಿಡುತ್ತಾನೆ” ಎಂಬ ಮಾತನ್ನು ನಾವೇ ಮೆಚ್ಚಿಕೊಂಡರೆ, ನಾಳೆ ಆ ಏಟು ನಿರಪರಾಧಿಯ ಬೆನ್ನಿನ ಮೇಲೆ ಬೀಳುವಾಗ ಕೇಳುವ ನೈತಿಕ ಹಕ್ಕನ್ನು ಕಳೆದುಕೊಳ್ಳುತ್ತೇವೆ. ಪೊಲೀಸರೆದುರು ನೀಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ನಮ್ಮ ಸಾಕ್ಷ್ಯ ಶಾಸನವು ಒಪ್ಪುವುದಿಲ್ಲ. ಏಟಿನಿಂದ ಹೊರಡುವುದು ಮಾತೇ ಹೊರತು ಸತ್ಯವಲ್ಲ ಎಂಬ ಅನುಭವ ಅದರ ಹಿಂದಿದೆ.

ಹೊರನಾಡಿನ ಕನ್ನಡ ಸಂಘಗಳು ಇಲ್ಲಿ ಉಪಯುಕ್ತ ಪಾತ್ರ ವಹಿಸಬಹುದು. ಸ್ಥಳೀಯ ಭಾಷೆ ಬಲ್ಲ ಇಬ್ಬರು ಮೂವರು ಸದಸ್ಯರ ಹೆಸರನ್ನು ಹತ್ತಿರದ ಠಾಣೆಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ದುಭಾಷಿಗಳೆಂದು ನೀಡಬಹುದು. ವರ್ಷಕ್ಕೊಮ್ಮೆ ಠಾಣಾಧಿಕಾರಿಯನ್ನು ಸಭೆಗೆ ಆಹ್ವಾನಿಸಿ ಪ್ರಶ್ನೋತ್ತರ ನಡೆಸಬಹುದು. ಒಂಟಿಯಾಗಿ ವಾಸಿಸುವ ವೃದ್ಧರ ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಗಸ್ತಿನ ಸಿಬ್ಬಂದಿಗೆ ಒದಗಿಸಬಹುದು. ಇವು ಸಣ್ಣ ಕೆಲಸಗಳೇ; ಭಿವಂಡಿಯಲ್ಲಿ ನಡೆದುದೂ ಇಂತಹ ಸಣ್ಣ ಕೆಲಸಗಳೇ.

ಉಪಸಂಹಾರ

ಆಯೋಗಗಳ ವರದಿಗಳೂ ನ್ಯಾಯಾಲಯದ ತೀರ್ಪುಗಳೂ ಸುಧಾರಣೆಗೆ ದಾರಿ ತೋರಿಸಿವೆ. ಆ ದಾರಿಯಲ್ಲಿ ನಡೆಯಬೇಕಾದವರು ಸರ್ಕಾರ, ಪೊಲೀಸ್ ಮತ್ತು ಜನತೆ ಈ ಮೂವರೂ. ಠಾಣೆಯ ಬಾಗಿಲಲ್ಲಿ ನಿಂತ ಬಡವನು ತನ್ನ ಭಾಷೆಯಲ್ಲಿ ತನ್ನ ಮಾತನ್ನು ಹೇಳಿ, ಅದರ ಪ್ರತಿಯನ್ನು ಕೈಯಲ್ಲಿ ಹಿಡಿದು, ಅಂಜದೆ ಹಿಂದಿರುಗುವಂತಾದರೆ ಸುಧಾರಣೆಯು ಕಾಗದದಿಂದ ಬೀದಿಗೆ ಇಳಿದಿದೆಯೆಂದು ತಿಳಿಯಬಹುದು.

ಚರ್ಚೆಗೆ ಪ್ರಶ್ನೆಗಳು

1. ಅಧಿಕಾರಾವಧಿಯ ಭದ್ರತೆ ಮತ್ತು ದೂರು ಪ್ರಾಧಿಕಾರ ಇವೆರಡೂ ಒಟ್ಟಿಗೆ ಏಕೆ ಬೇಕು?

2. ಭಿವಂಡಿಯ ಮೊಹಲ್ಲಾ ಸಮಿತಿಗಳಿಗೂ ತಮಿಳುನಾಡಿನ ‘ಪೊಲೀಸರ ಮಿತ್ರರು’ ಯೋಜನೆಗೂ ಇರುವ ವ್ಯತ್ಯಾಸವೇನು?

3. ಠಾಣೆಯು ದೂರನ್ನು ದಾಖಲಿಸಲು ನಿರಾಕರಿಸಿದರೆ ಅನುಸರಿಸಬೇಕಾದ ಕ್ರಮಗಳನ್ನು ಅನುಕ್ರಮವಾಗಿ ವಿವರಿಸಿರಿ.

4. ನಿಮ್ಮ ಬಡಾವಣೆಯಲ್ಲಿ ಪೊಲೀಸರೊಂದಿಗೆ ಸೇರಿ ಕೈಗೊಳ್ಳಬಹುದಾದ ಒಂದು ಕಾರ್ಯವನ್ನು ಸೂಚಿಸಿರಿ. ಅದರ ದುರುಪಯೋಗವನ್ನು ಹೇಗೆ ತಡೆಯುವಿರಿ?